ಪರಂಪರೆ ಕಾನೂನಾದಾಗ



ಬೆಂಗಳೂರಿನ ಹೆಬ್ಬಾಳದಿಂದ ಬಳ್ಳಾರಿ ರಸ್ತೆ ಹಿಡಿದು ಹೋದರೆ ವಿಮಾನ ನಿಲ್ದಾಣದಲ್ಲಿ 108 ಅಡಿಯ ಕೆಂಪೇಗೌಡರ ಪ್ರತಿಮೆ ಕಾಣುತ್ತದೆ. 2022ರ ನವೆಂಬರ್ 11ರಂದು ಪ್ರಧಾನಿ ಮೋದಿಯವರು ಅದನ್ನು ಅನಾವರಣಗೊಳಿಸಿದರು. ಭಾರತೀಯ ಜನತಾ ಪಕ್ಷದ ರಾಷ್ಟ್ರೀಯತೆ ಎಂದೊಡನೆ ಕಣ್ಣಿಗೆ ಕಟ್ಟುವುದು ಇಂಥ ಪ್ರತಿಮೆಗಳೇ. ಆದರೆ ಆ ಪಕ್ಷದ ಸಿದ್ಧಾಂತ ತಿಳಿಯಬೇಕಾದರೆ ಅದು ತಂದ ಯೋಜನೆಗಳ, ಕಾಯ್ದೆಗಳ ಷರತ್ತುಗಳನ್ನು ಓದಬೇಕು.

1965ರಲ್ಲಿ, ಬಿಜೆಪಿಯ ಪೂರ್ವರೂಪವಾದ ಜನಸಂಘದ ದೀನದಯಾಳ್ ಉಪಾಧ್ಯಾಯರು ಮುಂಬೈ ಉಪನ್ಯಾಸಗಳಲ್ಲಿ ಏಕಾತ್ಮ ಮಾನವತಾವಾದವನ್ನು ಮಂಡಿಸಿದರು. ವ್ಯಕ್ತಿ, ಕುಟುಂಬ, ಸಮಾಜ, ರಾಷ್ಟ್ರ ಒಂದಕ್ಕೊಂದು ಹೆಣೆದುಕೊಂಡಿವೆ, ಆಡಳಿತ ನಮ್ಮ ಪರಂಪರೆಯಿಂದಲೇ ಬೆಳೆಯಬೇಕು ಎಂಬುದು ಅದರ ತಿರುಳು.

ಈ ವಿಚಾರ ನಮ್ಮ ರಾಜ್ಯದಲ್ಲಿ ಮನೆಮನೆ ತಲುಪಿದ್ದು ಭಾಗ್ಯಲಕ್ಷ್ಮಿ ಬಾಂಡ್ ಮೂಲಕ. ಮೈತ್ರಿ ಸರ್ಕಾರದಲ್ಲಿ ಉಪಮುಖ್ಯಮಂತ್ರಿಯಾಗಿ ಹಣಕಾಸು ಖಾತೆ ನೋಡುತ್ತಿದ್ದ ಬಿಜೆಪಿಯ ಯಡಿಯೂರಪ್ಪನವರು 2006-07ರಲ್ಲಿ ಇದನ್ನು ತಂದರು. ಬಡ ಕುಟುಂಬದಲ್ಲಿ ಹುಟ್ಟಿದ ಹೆಣ್ಣುಮಗುವಿನ ಹೆಸರಲ್ಲಿ ಸರ್ಕಾರವೇ ಹಣ ಇಡುತ್ತಿತ್ತು. ಮಗುವಿಗೆ ಲಸಿಕೆ ಹಾಕಿಸಿರಬೇಕು, ಎಂಟನೇ ತರಗತಿವರೆಗಾದರೂ ಓದಿಸಬೇಕು, ದುಡಿಮೆಗೆ ಕಳಿಸಬಾರದು, ಹದಿನೆಂಟು ತುಂಬುವ ಮೊದಲು ಮದುವೆ ಮಾಡಬಾರದು ಎಂಬ ಷರತ್ತುಗಳಿದ್ದವು. ಹೆಸರು ಲಕ್ಷ್ಮಿಯದು, ನೆಲೆ ಕುಟುಂಬದ್ದು. ಬದಲಾಯಿಸಹೊರಟಿದ್ದು ಮಾತ್ರ ಬಾಲ್ಯವಿವಾಹವೆಂಬ ಹಳೆಯ ರೂಢಿಯನ್ನು. ಸಂಪ್ರದಾಯದ ಒಳಗೇ ನಿಂತು ಸುಧಾರಣೆ ಮಾಡಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಕಾಣದು.

2008ರಲ್ಲಿ 110 ಸ್ಥಾನ ಗೆದ್ದು ದಕ್ಷಿಣದಲ್ಲೇ ಮೊದಲ ಬಾರಿಗೆ ಸ್ವಂತ ಸರ್ಕಾರ ರಚಿಸಿದ ಪಕ್ಷ, 2011ರಲ್ಲಿ ರೈತರಿಗಾಗಿ ಪ್ರತ್ಯೇಕ ಕೃಷಿ ಬಜೆಟ್ ಮಂಡಿಸಿತು. ಆದರೆ ಅದೇ ಪಕ್ಷದ 2020ರ ಜಾನುವಾರು ಹತ್ಯೆ ತಡೆ ಕಾಯ್ದೆ ರೈತನ ಕೈ ಕಟ್ಟಿತು. 1964ರ ಕಾಯ್ದೆಯಲ್ಲಿ ಹನ್ನೆರಡು ವರ್ಷ ದಾಟಿದ ಎತ್ತಿನ ವಧೆಗೆ ಅವಕಾಶವಿತ್ತು. ಹೊಸದರಲ್ಲಿ ಹದಿಮೂರು ದಾಟಿದ ಎಮ್ಮೆ, ಕೋಣಗಳಿಗೆ ಮಾತ್ರ. ಪಶುವೈದ್ಯಕೀಯ ಕಾಲೇಜು, ಕೃಷಿ ವಿಶ್ವವಿದ್ಯಾಲಯ ಎರಡೂ ಇರುವ ಹೆಬ್ಬಾಳದವರಿಗೆ, ಉಳಲಾಗದ ಎತ್ತಿಗೆ ಮೇವು ಹೊಂದಿಸುವ ಕಷ್ಟವನ್ನು ಬಿಡಿಸಿ ಹೇಳಬೇಕಿಲ್ಲ. 2022ರ ಮತಾಂತರ ಕಾಯ್ದೆಯಂತೂ ಧರ್ಮ ಬದಲಿಸುವವರು ಮೂವತ್ತು ದಿನ ಮೊದಲೇ ಜಿಲ್ಲಾಧಿಕಾರಿಗೆ ತಿಳಿಸಬೇಕೆಂದಿತು. ಮನಸ್ಸಿನ ನಂಬಿಕೆ ಕಚೇರಿಯ ಕಡತವಾಯಿತು.

ಪರಂಪರೆಯನ್ನು ಪ್ರೀತಿಸುವುದು ತಪ್ಪಲ್ಲ. ಅದರ ಹೆಸರಲ್ಲಿ ಸರ್ಕಾರ ಬಡವರ ಕೈಗೆ ಬಲ ಕೊಡುತ್ತದೆಯೋ, ಅವರ ಮೇಲೆ ಕಾವಲು ಕೂರಿಸುತ್ತದೆಯೋ ಎಂಬುದನ್ನು ನಾವು ಪ್ರತಿ ಸಲವೂ ನೋಡಬೇಕು. ಹೆಬ್ಬಾಳ ಕ್ಷೇತ್ರ 2008, 2013ರಲ್ಲಿ ಬಿಜೆಪಿಯನ್ನೂ 2018, 2023ರಲ್ಲಿ ಕಾಂಗ್ರೆಸ್ಸನ್ನೂ ಗೆಲ್ಲಿಸಿದೆ. ಯಾವ ಪಕ್ಷಕ್ಕೂ ತಮ್ಮನ್ನು ಬರೆದುಕೊಡದ ಮತದಾರರೇ ಈ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳಬಲ್ಲರು, ಕೇಳಬೇಕು.