ಏಳಡಿ ಇದ್ರೆ ಸಾಕಾ? ಎನ್‌ಬಿಎ ಡ್ರಾಫ್ಟ್‌ಗೂ ಮುಂಚೆ ಸೆಂಟರ್‌ಗಳ ಲೆಕ್ಕ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ರೆಕಾರ್ಡ್ ಆಗಿದ್ದು 2025ರ ಜೂನ್ 25, ಬುಧವಾರ.)

ನಾನು ಶಿವಪುರದ ನಮ್ಮನೆ ತಾರಸಿ ಮೇಲಿಂದ ಮಾತಾಡ್ತಿದೀನಿ. ಮದ್ದೂರಿಗೆ ಅಂಟಿಕೊಂಡಿರೋ ಶಿವಪುರ, 1938ರ ಧ್ವಜ ಸತ್ಯಾಗ್ರಹದ ಶಿವಪುರ. ಮಧ್ಯೆ ಮಧ್ಯೆ ಲಾರಿ ಹಾರನ್ ಕೇಳಿಸಿದ್ರೆ ಬೇಜಾರು ಮಾಡ್ಕೋಬೇಡಿ, ಅದಕ್ಕೆ ನಾನೇನೂ ಮಾಡೋಕಾಗಲ್ಲ.

ನಾಳೆ ಬೆಳಗ್ಗೆ ಐದೂವರೆಗೆ, ಅಂದ್ರೆ ಅಮೆರಿಕದಲ್ಲಿ ಇವತ್ತು ರಾತ್ರಿ ಎಂಟಕ್ಕೆ, ಎನ್‌ಬಿಎ ಡ್ರಾಫ್ಟ್ ಶುರು. ಹೊಸ ಹುಡುಗರನ್ನ ತಂಡಗಳು ಸರದಿ ಪ್ರಕಾರ ಆರಿಸ್ಕೊಳ್ಳೋ ದಿನ. ನಮ್ಮ ಐಪಿಎಲ್ ಹರಾಜಿನ ಥರ ದುಡ್ಡು ಕೂಗೋದಿಲ್ಲ. ಮೊದಲ ಸರದಿ ಡಲ್ಲಾಸ್ ಮ್ಯಾವರಿಕ್ಸ್‌ದು. ಅವರು ಕೂಪರ್ ಫ್ಲ್ಯಾಗ್‌ನ ತಗೋತಾರೆ ಅನ್ನೋದು ಊರಿಗೆಲ್ಲ ಗೊತ್ತು. ಅದರ ಬಗ್ಗೆ ನಾನು ಒಂದು ನಿಮಿಷಾನೂ ಹಾಳು ಮಾಡಲ್ಲ. ಇವತ್ತಿನ ವಿಷಯ ಎತ್ತರದ ಹುಡುಗರು. ಸೆಂಟರ್‌ಗಳು.

ಯಾಕೆ ಅಂದ್ರೆ ಹೋದ ವಾರ ಒಂದು ವಾಯ್ಸ್ ಮೆಸೇಜ್ ಬಂತು. ಮಳವಳ್ಳಿ ಕಡೆ ಹುಡುಗ, ಹೆಸರು ಹೇಳಲ್ಲ. "ಅಣ್ಣಾ, ನಂಗೆ ಹದಿನೈದು ವರ್ಷ, ಆರಡಿ ಮೂರಿಂಚು ಇದೀನಿ. ಆಡೋವಾಗ ನೀನು ರಿಂಗ್ ಕೆಳಗೇ ನಿಂತ್ಕೋ, ಬಾಲ್ ಬಂದ್ರೆ ಮೇಲಕ್ಕೆ ಹಾಕು, ಡ್ರಿಬಲ್ ಮಾಡ್ಬೇಡ ಅಂತಾರೆ. ಅಷ್ಟೇ ಸಾಕಾ ಅಣ್ಣಾ?" ಅಂತ.

ಆ ಮೆಸೇಜನ್ನ ನಾಲ್ಕು ಸಲ ಕೇಳಿದೆ. ಹದಿನೆಂಟು ವರ್ಷದ ಹಿಂದೆ ನನಗೂ ಇದೇ ಮಾತು ಹೇಳಿದ್ರು. ನಾನೂ ರಿಂಗ್ ಕೆಳಗೇ ನಿಂತೆ. ಪಿಯುಸಿ ಮುಗಿಯೋ ಹೊತ್ತಿಗೆ ಬೇರೆ ಹುಡುಗರೂ ಎತ್ತರ ಆದ್ರು, ನನಗೆ ಎಡಗೈಲಿ ಬಾಲ್ ನೆಲಕ್ಕೆ ಬಡಿಯೋಕೂ ಬರ್ತಿರಲಿಲ್ಲ. ಅಲ್ಲಿಗೆ ನನ್ನ ಬ್ಯಾಸ್ಕೆಟ್‌ಬಾಲ್ ಮುಗೀತು. ಹಂಗಾಗಿ ಇವತ್ತಿನ ಮಾತು ಡ್ರಾಫ್ಟ್ ಬಗ್ಗೇನೇ ಆದ್ರೂ, ಆ ಹುಡುಗ ಕೇಳಿಸ್ಕೊಳ್ಳಲಿ ಅಂತ ಆಡ್ತಿರೋದು.

ಈಗ ಒಂದು ಕಾಕತಾಳೀಯ ಹೇಳ್ತೀನಿ, ನೋಡಿ. 2015ರ ಜೂನ್ 25. ಸರಿಯಾಗಿ ಹತ್ತು ವರ್ಷ. ಅದೇ ಬ್ರೂಕ್ಲಿನ್, ಅದೇ ಬಾರ್ಕ್ಲೇಸ್ ಸೆಂಟರ್. 52ನೇ ಸರದಿಯಲ್ಲಿ ಇದೇ ಡಲ್ಲಾಸ್ ಒಂದು ಹೆಸರು ಕೂಗಿಸ್ತು: ಸತ್ನಾಮ್ ಸಿಂಗ್ ಭಮಾರ. ಪಂಜಾಬಿನ ಬಲ್ಲೋಕೆ ಅನ್ನೋ ಹಳ್ಳಿ, ಬೇಸಾಯದ ಮನೆ, 7 ಅಡಿ 2 ಇಂಚು. ಲೂಧಿಯಾನದ ಅಕಾಡೆಮಿಯಲ್ಲಿ ಆಟ ಕಲಿತು, ಹದಿನಾಲ್ಕಕ್ಕೆ ಫ್ಲಾರಿಡಾದ ಐಎಂಜಿ ಅಕಾಡೆಮಿ ಸೇರಿದ ಹುಡುಗ. ಎನ್‌ಬಿಎ ಡ್ರಾಫ್ಟ್‌ನಲ್ಲಿ ಆಯ್ಕೆ ಆದ ಭಾರತದಲ್ಲಿ ಹುಟ್ಟಿದ ಮೊದಲ ಆಟಗಾರ. ಅವತ್ತು ನಾವೆಲ್ಲ ವಾಟ್ಸಾಪಲ್ಲಿ ಕುಣಿದಾಡಿದ್ವಿ. ಆಮೇಲೆ? ಡಲ್ಲಾಸ್‌ನ ಕಿರಿಯ ತಂಡ ಟೆಕ್ಸಸ್ ಲೆಜೆಂಡ್ಸ್‌ಗೆ ಆಡಿದ. ಎನ್‌ಬಿಎ ಸೀಸನ್‌ನಲ್ಲಿ ಒಂದು ಪಂದ್ಯಾನೂ ಆಡಲಿಲ್ಲ. ಈಗ ಅಮೆರಿಕದಲ್ಲಿ ಕುಸ್ತಿ ಶೋಗಳಲ್ಲಿ ಕಾಣಿಸ್ಕೋತಾನೆ.

ಆ ಹುಡುಗನದ್ದು ತಪ್ಪು ಅಂತ ನಾನು ಹೇಳ್ತಿಲ್ಲ. ಆ ಡ್ರಾಫ್ಟ್‌ಗೆ ಒಂಬತ್ತೇ ದಿನ ಮುಂಚೆ ಏನಾಗಿತ್ತು ಗೊತ್ತಾ? ಗೋಲ್ಡನ್ ಸ್ಟೇಟ್ ವಾರಿಯರ್ಸ್ ಚಾಂಪಿಯನ್ ಆಗಿತ್ತು. ಫೈನಲ್ಸ್‌ನ ನಾಲ್ಕನೇ ಪಂದ್ಯದಲ್ಲಿ ಅವರ ಏಳಡಿ ಸೆಂಟರ್ ಆಂಡ್ರ್ಯೂ ಬೋಗಟ್‌ನ ಮೊದಲ ಐದು ಜನರಿಂದ ಹೊರಗಿಟ್ಟು, ಆರೂವರೆ ಅಡಿ ಆಸುಪಾಸಿನ ಡ್ರೇಮಂಡ್ ಗ್ರೀನ್‌ನ ಸೆಂಟರ್ ಜಾಗದಲ್ಲಿ ನಿಲ್ಲಿಸಿದ್ರು. ಮುಂದಿನ ಮೂರೂ ಪಂದ್ಯ ಗೆದ್ದರು. ಆಟ ರಿಂಗ್ ಕೆಳಗಿಂದ ಮೂರು ಪಾಯಿಂಟ್ ಗೆರೆ ಹತ್ರಕ್ಕೆ ಹೊರಟುಹೋಗಿತ್ತು. ಸತ್ನಾಮ್ ಕಲಿತಿದ್ದು ರಿಂಗ್ ಕೆಳಗಿನ ಆಟ. ಬಾಗಿಲು ತೆಗೀತು, ಒಳಗೆ ಹೋದ್ರೆ ಮನೆಯವರೆಲ್ಲ ಬೇರೆ ರೂಮಿಗೆ ಶಿಫ್ಟ್ ಆಗಿದ್ರು.

ಅವತ್ತಿನ ಪಟ್ಟೀಲಿ ಇನ್ನಿಬ್ಬರನ್ನ ನೋಡಿ. ಮೂರನೇ ಸರದಿಯಲ್ಲಿ ಫಿಲಡೆಲ್ಫಿಯಾ ಆರಿಸಿದ್ದು ಜಲೀಲ್ ಒಕಾಫೊರ್‌ನ. ಆಗಷ್ಟೇ ಡ್ಯೂಕ್ ವಿಶ್ವವಿದ್ಯಾಲಯಕ್ಕೆ ಕಾಲೇಜು ಚಾಂಪಿಯನ್‌ಶಿಪ್ ಗೆದ್ದು ಕೊಟ್ಟಿದ್ದ. ರಿಂಗಿಗೆ ಬೆನ್ನು ಕೊಟ್ಟು ಪಾಯಿಂಟ್ ಗಳಿಸೋದ್ರಲ್ಲಿ ನಿಸ್ಸೀಮ. ಮೊದಲ ವರ್ಷ ಪಂದ್ಯಕ್ಕೆ ಸರಾಸರಿ 17.5 ಪಾಯಿಂಟ್. ಆದ್ರೆ ಎದುರಾಳಿ ಬಾಲ್ ಹಿಡಿದು ಓಡಿ ಬಂದ್ರೆ ತಡೆಯೋಕಾಗ್ತಿರಲಿಲ್ಲ. ಮೂರನೇ ಸೀಸನ್ನಲ್ಲೇ ತಂಡ ಅವನನ್ನ ಬಿಟ್ಟುಕೊಡ್ತು. ಇನ್ನೊಬ್ಬ ಕೆವನ್ ಲೂನಿ, 6 ಅಡಿ 9 ಇಂಚು. ಸೊಂಟದ ತೊಂದರೆ ಇದೆ ಅಂತ ಜಾರ್ತಾ ಜಾರ್ತಾ ಮೊದಲ ಸುತ್ತಿನ ಕಟ್ಟಕಡೆಯ 30ನೇ ಜಾಗಕ್ಕೆ ಬಂದ. ಅವನ ಹತ್ರ ಈಗ ಮೂರು ಚಾಂಪಿಯನ್‌ಶಿಪ್ ಉಂಗುರ. ಅವನು ಎತ್ತರಕ್ಕೆ ಹಾರಲ್ಲ, ಮೂರು ಪಾಯಿಂಟ್ ಹೊಡೆಯಲ್ಲ. ಎಲ್ಲಿ ನಿಲ್ಲಬೇಕು, ಯಾರಿಗೆ ಅಡ್ಡ ನಿಲ್ಲಬೇಕು, ಬಾಲ್ ರಿಂಗಿಗೆ ಬಡಿದು ಯಾವ ಕಡೆ ಸಿಡಿಯುತ್ತೆ, ಇಷ್ಟು ಗೊತ್ತು.

ಒಂದೇ ರಾತ್ರಿ, ಒಂದೇ ವೇದಿಕೆ. 3, 30, 52.

ಹಂಗಾದ್ರೆ ಏನು ನೋಡಬೇಕು? ನಮ್ಮ ತಾತ ಎತ್ತು ಕೊಳ್ಳೋಕೆ ಹೇಮಗಿರಿ ಜಾತ್ರೆಗೆ ಹೋಗ್ತಿದ್ರು. ಹಳ್ಳಿಕಾರ್ ಜೋಡಿ ನಿಂತಿದ್ರೆ ನಾವು ಹುಡುಗರು ಕೊಂಬು ನೋಡಿ ಬಾಯಿ ಬಿಡ್ತಿದ್ವಿ. ತಾತ ಮೊದಲು ಬಾಯಿ ತೆಗೆದು ಹಲ್ಲು ನೋಡೋರು, ಎರಡಲ್ಲಾ, ನಾಲ್ಕಲ್ಲಾ, ಬಾಯಿಗೂಡಿದೆಯಾ ಅಂತ. ಅಂದ್ರೆ ವಯಸ್ಸು. ಆಮೇಲೆ ಗೊರಸು. ಆಮೇಲೆ, "ಒಸಿ ನಡೆಸಪ್ಪ" ಅನ್ನೋರು. ನಿಂತಾಗ ರಾಜನ ಹಂಗೆ ಕಂಡ ಎತ್ತು ನಡೆದಾಗ ಹಿಂಗಾಲು ಎಳೀತಿದ್ರೆ ತಾತ ಬಾಯಲ್ಲಿದ್ದ ಎಲೆಅಡಿಕೆ ಉಗಿದು ಮುಂದಿನ ಜೋಡಿ ಹತ್ರ ಹೋಗ್ಬಿಡೋರು. ಎನ್‌ಬಿಎ ತಂಡಗಳು ಮೇ ತಿಂಗಳಲ್ಲಿ ಶಿಕಾಗೋದಲ್ಲಿ ಹುಡುಗರನ್ನ ಅಳೆಯೋದೂ ಹೆಚ್ಚುಕಮ್ಮಿ ಇದೇ. ಟವಲ್ ಕೆಳಗೆ ಬೆರಳು ಹಿಡಿದು ರೇಟು ಮಾತಾಡೋ ಗುಟ್ಟೂ ಅಲ್ಲಿದೆ. ಯಾರಿಗೆ ಯಾರು ಬೇಕು ಅಂತ ಕೊನೇ ಗಳಿಗೆವರೆಗೂ ಬಾಯಿ ಬಿಡಲ್ಲ.

ಅಲ್ಲಿ ಎತ್ತರಕ್ಕಿಂತ ಮುಖ್ಯವಾದ ಎರಡು ಅಳತೆ ಇವೆ. ಒಂದು, ಎರಡೂ ಕೈ ಅಗಲಿಸಿದಾಗ ಬೆರಳ ತುದಿಯಿಂದ ಬೆರಳ ತುದಿಗೆ ಎಷ್ಟು ಅನ್ನೋದು, ಅದಕ್ಕೆ ವಿಂಗ್‌ಸ್ಪ್ಯಾನ್ ಅಂತಾರೆ. ಇನ್ನೊಂದು, ನೆಲದ ಮೇಲೆ ನಿಂತು ಒಂದು ಕೈ ಎತ್ತಿದ್ರೆ ಎಲ್ಲಿಗೆ ಮುಟ್ಟುತ್ತೆ ಅನ್ನೋದು. ರಿಂಗ್ ಇರೋದು 10 ಅಡಿಗೆ. ತಲೆಯಿಂದ ಯಾರೂ ಬಾಲ್ ತಡೆಯಲ್ಲ ಅಲ್ವಾ, ಕೈಯಿಂದ ತಾನೇ.

ಈ ವರ್ಷದ ಮೂರು ಜನರನ್ನ ಹಿಂಗೆ ನೋಡಣ.

ಮೊದಲನೆಯವನು ಖಮಾನ್ ಮಲುವಾಚ್. ಹುಟ್ಟಿದ್ದು ದಕ್ಷಿಣ ಸುಡಾನ್, ಬೆಳೆದಿದ್ದು ಉಗಾಂಡಾ. ಬ್ಯಾಸ್ಕೆಟ್‌ಬಾಲ್ ಶುರು ಮಾಡಿದ್ದೇ 2019ರ ಸುಮಾರಿಗೆ. ಅಂದ್ರೆ ನಮ್ಮ ಮಳವಳ್ಳಿ ಹುಡುಗನಿಗಿಂತ ಸ್ವಲ್ಪ ಚಿಕ್ಕ ವಯಸ್ಸಲ್ಲಿ, ಸೊನ್ನೆಯಿಂದ. ಆಮೇಲೆ ಸೆನೆಗಲ್‌ನ ಎನ್‌ಬಿಎ ಅಕಾಡೆಮಿ, ಹೋದ ವರ್ಷ ಹದಿನೇಳಕ್ಕೇ ಪ್ಯಾರಿಸ್ ಒಲಿಂಪಿಕ್ಸ್, ಆಮೇಲೆ ಡ್ಯೂಕ್. ಬರಿಗಾಲಲ್ಲಿ ಏಳಡಿ ಮೇಲೆ ಮುಕ್ಕಾಲು ಇಂಚು. ಕೈ ಎತ್ತಿದ್ರೆ ಒಂಬತ್ತೂವರೆ ಅಡಿ, ಹಿಮ್ಮಡಿ ನೆಲ ಬಿಡದೇನೇ ರಿಂಗಿಗೆ ಅರ್ಧ ಅಡಿ ಕಮ್ಮಿ! ನನಗೆ ಇಷ್ಟ ಆಗಿದ್ದು ಬೇರೆ. ಫ್ರೀ ಥ್ರೋ ನೂರಕ್ಕೆ 76ರ ಮೇಲೆ ಹಾಕ್ತಾನೆ. ಯಾರೂ ಅಡ್ಡ ಇಲ್ಲದೆ ಹೊಡೆಯೋ ಹೊಡೆತ ಅದು, ಕೈಯಲ್ಲಿ ಹದ ಇದೆಯಾ ಇಲ್ವಾ ಅಂತ ಅಲ್ಲಿ ಗೊತ್ತಾಗುತ್ತೆ. ಅದಿದ್ರೆ ದೂರದ ಹೊಡೆತ ನಾಳೆ ಕಲಿಬಹುದು.

ತೊಂದರೆ ಏನು? ಏಪ್ರಿಲ್‌ನಲ್ಲಿ ಹ್ಯೂಸ್ಟನ್ ವಿರುದ್ಧ ಕಾಲೇಜು ಸೆಮಿಫೈನಲ್. ಡ್ಯೂಕ್ 67–70ಕ್ಕೆ ಸೋತಿತು. ಅಂಗಳದಲ್ಲಿ ಎಲ್ಲರಿಗಿಂತ ಎತ್ತರದ ಈ ಹುಡುಗ 21 ನಿಮಿಷ ಆಡಿ ತಗೊಂಡ ರೀಬೌಂಡ್ ಎಷ್ಟು ಗೊತ್ತಾ? ಸೊನ್ನೆ. ತನಗಿಂತ ಗಿಡ್ಡ, ಗಟ್ಟಿ ಹುಡುಗರು ಸೊಂಟಕ್ಕೆ ಸೊಂಟ ಕೊಟ್ಟು ಅವನನ್ನ ಜಾಗದಿಂದ ನೂಕಿ ಹಾಕಿದ್ರು. ಬಾಲ್ ಮೇಲಿಂದ ಬೀಳೋದೇನೋ ನಿಜ, ಜಗಳ ನಡೆಯೋದು ಕೆಳಗೆ.

ಎರಡನೆಯವನು ಮೇರಿಲ್ಯಾಂಡ್‌ನ ಡೆರಿಕ್ ಕ್ವೀನ್. ಇವನು ಬೇರೆ ಥರ. 6 ಅಡಿ 9 ಇಂಚು, ಕೈ ಅಗಲ ಏಳಡಿ ಅಷ್ಟೇ. ಹಾರೋ ಪರೀಕ್ಷೆಯಲ್ಲಿ ಕೊನೆಯ ಸಾಲು. ಮೈ ಸ್ವಲ್ಪ ದಪ್ಪ. ಆದ್ರೆ ಬಾಲ್ ಕೈಗೆ ಬಂದ್ರೆ ಗಾರ್ಡ್ ಥರ ಆಡ್ತಾನೆ, ಪಾಸ್ ನೋಡಿದ್ರೆ ಖುಷಿ ಆಗುತ್ತೆ. ಮಾರ್ಚ್‌ನಲ್ಲಿ ಕೊಲರಾಡೊ ಸ್ಟೇಟ್ ವಿರುದ್ಧ ಒಂದು ಪಾಯಿಂಟ್ ಹಿಂದಿದ್ರು, ಉಳಿದಿದ್ದು ಕೆಲವೇ ಸೆಕೆಂಡ್. ಬಾಲ್ ನಂಗೆ ಕೊಡಿ ಅಂತ ಕೇಳಿ ತಗೊಂಡು, ಎಡಕ್ಕೆ ನುಗ್ಗಿ, ಬೋರ್ಡಿಗೆ ಬಡಿದು ಹಾಕಿ ಗೆಲ್ಲಿಸಿದ. ಅಷ್ಟು ಧೈರ್ಯ ಎಲ್ಲಿಂದ ಬಂತು ಅಂತ ಕೇಳಿದ್ರೆ, ನಾನು ಬಾಲ್ಟಿಮೋರ್‌ನವನು ಅಂದ. ನಮ್ಮ ಕಡೆಯವರು "ಮಂಡ್ಯದವ್ನು ಕಣ್ಲಾ" ಅಂತಾರಲ್ಲ, ಅದೇ ಗತ್ತು. ನಂಗೆ ಅವನ ಮೇಲೆ ಅಲ್ಲೇ ಪ್ರೀತಿ ಬಂತು.

ಆದ್ರೆ ಪ್ರೀತಿ ಪಕ್ಕಕ್ಕಿಟ್ಟು ನೋಡಿದ್ರೆ ಒಕಾಫೊರ್ ನೆನಪಾಗ್ತಾನೆ. ಎನ್‌ಬಿಎನಲ್ಲಿ ಪ್ರತಿ ರಾತ್ರಿ ಒಂದೇ ಆಟ ನೂರು ಸಲ ನಡೆಯುತ್ತೆ. ಎದುರಾಳಿ ಸೆಂಟರ್ ಬಂದು ನಿಮ್ಮ ಗಾರ್ಡ್‌ಗೆ ಗೋಡೆ ಥರ ಅಡ್ಡ ನಿಲ್ತಾನೆ, ಬಾಲ್ ಹಿಡಿದವನು ಆ ಮರೆಯಿಂದ ನುಗ್ಗುತ್ತಾನೆ. ಆಗ ನಿಮ್ಮ ಸೆಂಟರ್ ಒಬ್ಬನೇ ಇಬ್ಬರನ್ನ ನೋಡ್ಕೋಬೇಕು. ಹಿಂದೆ ಸರಿದ್ರೆ ಅವನು ದೂರದಿಂದ ಹೊಡೀತಾನೆ, ಮುಂದೆ ಬಂದ್ರೆ ಹಿಂದಿನಿಂದ ಇನ್ನೊಬ್ಬ ಓಡ್ತಾನೆ. ಉದ್ದ ಕೈ ಇದ್ರೆ ಒಂದು ಹೆಜ್ಜೆ ತಡ ಆದ್ರೂ ನಡೆಯುತ್ತೆ. ಕಾಲು ಚುರುಕಿದ್ರೂ ನಡೆಯುತ್ತೆ. ಎರಡೂ ಕಮ್ಮಿ ಇದ್ರೆ ಎದುರು ತಂಡ ಹುಡುಕಿ ಹುಡುಕಿ ಅವನ ಮೇಲೇ ಆಡುತ್ತೆ.

ಮೂರನೆಯವನು ಥಾಮಸ್ ಸೋರ್ಬರ್, ಜಾರ್ಜ್‌ಟೌನ್ ಹುಡುಗ. ಪ್ಯಾಟ್ರಿಕ್ ಯೂಯಿಂಗ್, ಮುಟೊಂಬೊ ಓದಿದ ಕಾಲೇಜು ಅದು, ಸೆಂಟರ್‌ಗಳ ತವರುಮನೆ. ಎತ್ತರ ಕ್ವೀನ್‌ನಷ್ಟೇ, ಆದ್ರೆ ಕೈ ಅಗಲ ಏಳೂವರೆ ಅಡಿ. ಕ್ವೀನ್‌ಗಿಂತ ಹತ್ತಿರತ್ತಿರ ಅರ್ಧ ಅಡಿ ಜಾಸ್ತಿ, ತನಗಿಂತ ಎಷ್ಟೋ ಎತ್ತರದ ಮಲುವಾಚ್‌ಗೆ ಬರೀ ಮುಕ್ಕಾಲು ಇಂಚು ಕಮ್ಮಿ. ಪಂದ್ಯಕ್ಕೆ ಸರಾಸರಿ 14.5 ಪಾಯಿಂಟ್, 8.5 ರೀಬೌಂಡ್, 2 ಬ್ಲಾಕ್. ನಿಲ್ಲೋ ಜಾಗ ಗೊತ್ತು, ಪಾಸ್ ಗೊತ್ತು. ಲೂನಿಯ ವಾಸನೆ ಇದೆ ನನಗೆ. ಆದ್ರೆ ಫೆಬ್ರವರಿಯಲ್ಲಿ ಪಾದಕ್ಕೆ ಪೆಟ್ಟಾಗಿ ಶಸ್ತ್ರಚಿಕಿತ್ಸೆ ಆಯ್ತು, ಸೀಸನ್ ಅಲ್ಲಿಗೇ ಮುಗೀತು.

ಎತ್ತರದವರ ಪಾದ, ಮಂಡಿ ಅಂದ್ರೆ ಹಗುರವಾಗಿ ತಗೋಬೇಡಿ. ಯಾವೊ ಮಿಂಗ್ ಪಾದದಿಂದಲೇ 2011ರಲ್ಲಿ ನಿವೃತ್ತಿ ಆಗಿದ್ದು. 2007ರಲ್ಲಿ ಕೆವಿನ್ ಡ್ಯುರಾಂಟ್‌ನ ಬಿಟ್ಟು ಪೋರ್ಟ್‌ಲ್ಯಾಂಡ್ ಮೊದಲು ಆರಿಸಿದ ಗ್ರೆಗ್ ಓಡನ್, ಮಂಡಿ ನೋವಿಂದ ಆ ತಂಡಕ್ಕೆ ಒಟ್ಟು ಆಡಿದ್ದು 82 ಪಂದ್ಯ. ಒಂದು ಪೂರ್ತಿ ಸೀಸನ್ ಲೆಕ್ಕ ಅಷ್ಟೇ ಅದು.

ಇಷ್ಟೆಲ್ಲ ಆದ್ಮೇಲೆ ನನ್ನ ಪಟ್ಟಿ ಕೇಳಿದ್ರೆ, ಮಲುವಾಚ್ ಮೊದಲು, ಸೋರ್ಬರ್ ಎರಡು, ಕ್ವೀನ್ ಮೂರು. ಸೋರ್ಬರ್ ಪಾದದ ಎಕ್ಸ್‌ರೇ ನೋಡಿದ ಡಾಕ್ಟರು ಬೇಡ ಅಂದ್ರೆ ಎರಡು ಮೂರು ಅದಲುಬದಲು. ಕ್ವೀನ್ ವಿಷಯದಲ್ಲಿ ನಾನು ತಪ್ಪಾದ್ರೆ ಖುಷಿಯಿಂದ ಬೈಸ್ಕೋತೀನಿ. 2014ರಲ್ಲಿ ಹಾರೋಕೆ ಬರದ, ದಪ್ಪ ಮೈಯ ಒಬ್ಬ ಸರ್ಬಿಯಾ ಹುಡುಗನ್ನ 41ನೇ ಸರದಿಯಲ್ಲಿ ತಗೊಂಡ್ರು. ಹೆಸರು ಕೂಗೋ ಹೊತ್ತಿಗೆ ಟೀವಿಯಲ್ಲಿ ತಿಂಡಿ ಜಾಹೀರಾತು ಬರ್ತಿತ್ತು. ನಿಕೊಲಾ ಯೋಕಿಚ್ ಅವನು. ಪಾಸ್ ನೋಡೋ ಕಣ್ಣನ್ನ ಯಾವ ಟೇಪಿನಲ್ಲೂ ಅಳೆಯೋಕಾಗಲ್ಲ.

ದೂರದ ಮಾತಾಯ್ತು ಅಂತೀರಾ? 2019ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣದಲ್ಲಿ ಮಹಿಳಾ ಏಷ್ಯಾ ಕಪ್ ಫೈನಲ್ ನಡೀತು. ಚೀನಾ ಎತ್ತರದ ತಂಡ, ಜಪಾನ್ ಗಿಡ್ಡದ್ದು. 71–68, ಜಪಾನ್ ಗೆಲುವು, ಸತತ ನಾಲ್ಕನೇ ಸಲ. ಟೂರ್ನಿಯ ಶ್ರೇಷ್ಠ ಆಟಗಾರ್ತಿ ಅವರ ಪುಟ್ಟ ಗಾರ್ಡ್ ನಾಕೊ ಮೊಟೊಹಾಶಿ. ಶಿವಪುರದಿಂದ ಎರಡು ಗಂಟೆ ದಾರಿ, ನಾನು ಹೋಗದೆ ಫೋನಲ್ಲಿ ನೋಡ್ದೆ. ಇವತ್ತಿಗೂ ಹೊಟ್ಟೆ ಉರಿಯುತ್ತೆ.

ಈಗ ಮಳವಳ್ಳಿ ತಮ್ಮಾ, ನಿನ್ನ ಪ್ರಶ್ನೆಗೆ ಬರ್ತೀನಿ. ನಮ್ಮಲ್ಲಿ ಕ್ರೀಡಾ ಹಾಸ್ಟೆಲ್ ಆಯ್ಕೆಗೆ ಹೋದ್ರೂ ಎತ್ತರ ಅಳೀತಾರೆ, ಅದರಿಂದ ನಿನಗೆ ಲಾಭಾನೇ. ಬೇಡ ಅನ್ಬೇಡ. ಆದ್ರೆ ಆಂಟನಿ ಡೇವಿಸ್ ಕಥೆ ಕೇಳು. 2012ರ ಡ್ರಾಫ್ಟ್‌ನ ಮೊದಲಿಗ. ಹೈಸ್ಕೂಲಲ್ಲಿ ಅವನು ನಿನ್ನಷ್ಟೇ, ಆರಡಿ ಚಿಲ್ಲರೆ ಎತ್ತರದ ಗಾರ್ಡ್. ಬಾಲ್ ತರೋದು, ಪಾಸ್ ಕೊಡೋದು ಕಲಿತ. ಆಮೇಲೆ ಸರ್ರಂತ ಬೆಳೆದು ಸೆಂಟರ್ ಜಾಗಕ್ಕೆ ಬಂದ. ಕಲಿತ ಕೈ ಹಂಗೇ ಉಳೀತು. ನಿನಗೆ ಹದಿನೈದು, ಇನ್ನೂ ಬೆಳೆಯಬಹುದು, ಇಲ್ಲಿಗೇ ನಿಲ್ಲಲೂಬಹುದು. ಆರಡಿ ಮೂರಿಂಚಿಗೇ ನಿಂತ್ರೆ ರಾಜ್ಯ ಮಟ್ಟದಲ್ಲಿ ನೀನು ಗಾರ್ಡ್ ಕಣಪ್ಪ, ರಿಂಗ್ ಕೆಳಗೆ ನಿನಗೆ ಜಾಗ ಇರಲ್ಲ.

ಅದಕ್ಕೇ, ಮ್ಯಾಚಲ್ಲಿ ಮೇಷ್ಟ್ರು ಹೇಳ್ದಂಗೆ ರಿಂಗ್ ಕೆಳಗೇ ನಿಂತ್ಕೋ, ಅವರ ಜೊತೆ ಜಗಳ ಬೇಡ. ಬೆಳಗ್ಗೆ ಅರ್ಧ ಗಂಟೆ ಮುಂಚೆ ಹೋಗು. ಹತ್ತು ನಿಮಿಷ ಎಡಗೈ ಡ್ರಿಬಲ್, ಬಾಲ್ ನೋಡದೆ. ಐವತ್ತು ಫ್ರೀ ಥ್ರೋ, ಎಷ್ಟು ಬಿತ್ತು ಅಂತ ಬುಕ್ಕಲ್ಲಿ ಬರೆದಿಡು. ಒಬ್ಬ ಗಿಡ್ಡ ಗೆಳೆಯನ್ನ ಕರ್ಕೊಂಡು ಹೋಗಿ ಅವನು ನಿನ್ನ ದಾಟಿ ಹೋಗೋಕೆ ನೋಡಲಿ, ನೀನು ಕೈ ಹಿಂದೆ ಕಟ್ಕೊಂಡು ಬರೀ ಕಾಲಲ್ಲಿ ತಡಿ. ಮೊದಲ ವಾರ ಅವನು ನಗ್ತಾನೆ. ಮಂಡಿ ಕೆಳಗೆ ನೋವು ಬಂದ್ರೆ ಮುಚ್ಚಿಡಬೇಡ, ಮನೇಲಿ ಹೇಳು, ಡಾಕ್ಟರಿಗೆ ತೋರಿಸು. ನಾನು ಮುಚ್ಚಿಟ್ಟಿದ್ದೆ.

ಎರಡು ತಿಂಗಳಾದ್ಮೇಲೆ ಎಡಗೈಯದೊಂದು ವಿಡಿಯೋ ಕಳ್ಸು. ಮುಖ ಕಾಣೋದು ಬೇಡ, ಕೈ ಕಂಡ್ರೆ ಸಾಕು. ನಾಳೆ ಬೆಳಗ್ಗೆ ಎದ್ದಿರೋರು ಯಾರ್ ಯಾರು ಅಂತ ಕಾಮೆಂಟಲ್ಲಿ ಹೇಳಿ. ನಾನು ಐದೂಕಾಲಿಗೆ ಅಲಾರಂ ಇಟ್ಟಿದೀನಿ, ನಮ್ಮಮ್ಮ ಹಾಲು ಕರೆಯೋಕೆ ಎದ್ದಿರ್ತಾರೆ, ಕಾಫಿ ಗ್ಯಾರಂಟಿ.