ಅಂತರ್ಜಾಲವೂ ಮಕ್ಕಳ ವಚನಾಭ್ಯಾಸವೂ

(ರಾಜರಾಜೇಶ್ವರಿನಗರದ ಸದ್ಭಕ್ತರ ಸಭೆಯಲ್ಲಿ ಮಾಡಿದ ಉಪನ್ಯಾಸ)

 

ವಚನಗಳು ತಾಳೆಯೋಲೆಯ ಕಟ್ಟುಗಳಲ್ಲಿ ಅಡಗಿದ್ದ ಕಾಲವೊಂದಿತ್ತು. ಓಲೆಗಳು ಜಗುಲಿಯ ಮೇಲೆ ಪೂಜೆಗೊಳ್ಳುತ್ತಿದ್ದುವು. ಬಿಚ್ಚಿ ಓದುವವರು ಮಾತ್ರ ವಿರಳರಾಗಿದ್ದರು. ವಿಜಾಪುರದ ವಕೀಲರಾದ ಫ. ಗು. ಹಳಕಟ್ಟಿಯವರು (೧೮೮೦–೧೯೬೪) ಆ ಕಟ್ಟುಗಳನ್ನರಸಿ ತಂದು, ಒಂದು ಪ್ರತಿಯನ್ನು ಇನ್ನೊಂದರೊಡನೆ ಹೋಲಿಸಿ, ೧೯೨೩ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಅಚ್ಚುಮಾಡಿಸಿದರು, ೧೯೨೬ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಹೊರಡಿಸಿದರು. ತರುವಾಯ ಅನೇಕ ವಿದ್ವಾಂಸರ ಶ್ರಮದಿಂದ ಈ ಕಾರ್ಯವು ಬೆಳೆದು, ೧೯೯೩ರಲ್ಲಿ ಕರ್ನಾಟಕ ಸರಕಾರವು ಸಮಗ್ರ ವಚನಸಂಪುಟಗಳನ್ನು ೧೫ ಭಾಗಗಳಲ್ಲಿ ಪ್ರಕಟಿಸಿತು.

ಈಗ ಆ ರಾಶಿಯು ಅಂತರ್ಜಾಲವನ್ನೇರಿದೆ. ‘ವಚನ ಸಂಚಯ’ವೆಂಬ ಜಾಲತಾಣದಲ್ಲಿ ೨೦,೦೦೦ಕ್ಕೆ ಮಿಕ್ಕ ವಚನಗಳು ಯಾವ ಶುಲ್ಕವೂ ಇಲ್ಲದೆ ದೊರೆಯುತ್ತವೆ. ‘ದಾಸೋಹ’ವೆಂಬ ಒಂದು ಪದವನ್ನು ಬರೆದು ಹುಡುಕಿದರೆ, ಆ ಪದವುಳ್ಳ ವಚನಗಳು ಕ್ಷಣಮಾತ್ರದಲ್ಲಿ ಕಣ್ಣೆದುರು ನಿಲ್ಲುವುವು. ಹಿಂದೆ ಒಂದು ಗಣಕಯಂತ್ರದಲ್ಲಿ ಬರೆದ ಕನ್ನಡವು ಇನ್ನೊಂದರಲ್ಲಿ ಅರ್ಥವಿಲ್ಲದ ಗೀಟುಗಳಾಗಿ ತೋರುತ್ತಿದ್ದುದುಂಟು. ಯೂನಿಕೋಡ್ ಪದ್ಧತಿಯಲ್ಲಿ ಪ್ರತಿಯೊಂದು ಅಕ್ಷರಚಿಹ್ನೆಗೂ ಜಗತ್ತಿಗೆಲ್ಲ ಒಂದೇ ಸಂಖ್ಯೆ ನಿಯತವಾದುದರಿಂದ ಈ ತೊಡಕು ನೀಗಿತು. ಎಳೆಯ ಮಕ್ಕಳಿಗೆ, ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆಯು ೨೦೧೫ರಲ್ಲಿ ತೆರೆದ ‘ಸ್ಟೋರಿವೀವರ್’ ತಾಣದಲ್ಲಿ ಸಚಿತ್ರವಾದ ಕನ್ನಡ ಕಥೆಗಳು, ಓದಿನ ಮಟ್ಟಕ್ಕೆ ತಕ್ಕಂತೆ ವಿಂಗಡವಾಗಿ ಸಿಗುತ್ತವೆ. ಪದಗಳ ಅರ್ಥಕ್ಕೆ, ವಿ. ಕೃಷ್ಣ ಅವರು ಬಹುಕಾಲ ದುಡಿದು ರಚಿಸಿದ ‘ಅಲರ್’ ಕನ್ನಡ–ಇಂಗ್ಲಿಷ್ ನಿಘಂಟು ಉಂಟು.

ಆದರೆ ಸಾಧನವಿದ್ದ ಮಾತ್ರಕ್ಕೆ ಸಾಧನೆ ಕೈಗೂಡದು. ಕೆಂಚೇನಹಳ್ಳಿ, ಹಲಗೆವಡೇರಹಳ್ಳಿ, ಪಟ್ಟಣಗೆರೆಗಳ ನೆಲದಲ್ಲಿ ಬೆಳೆದ ಈ ನಗರದ ಎಷ್ಟೋ ಮನೆಗಳಲ್ಲಿ ಮಕ್ಕಳು ಕನ್ನಡವನ್ನಾಡಬಲ್ಲರು, ಸರಾಗವಾಗಿ ಓದಲಾರರು. ಅಜ್ಜಿಗೆ ವಚನ ಬಾಯಲ್ಲುಂಟು, ಕಣ್ಣಿಗೆ ಅಕ್ಷರ ಕಾಣದು. ಮೊಮ್ಮಗನಿಗೆ ಕಣ್ಣುಂಟು, ಅಕ್ಷರ ತಿಳಿಯದು. ಇವರಿಬ್ಬರ ನಡುವೆ ಸೇತುವೆಯಿಲ್ಲದೆ ಒಂದು ತಲೆಮಾರು ಕಳೆದುದಾದರೆ, ಜಾಲದ ಮೇಲಣ ಆ ೨೦,೦೦೦ ವಚನಗಳೂ ಮತ್ತೆ ಜಗುಲಿಯ ಮೇಲಿನ ಓಲೆಗಳೇ ಆಗುವುವು: ಗೌರವವುಂಟು, ಓದುವವರಿಲ್ಲ.

ಇನ್ನೊಂದು ಅಪಾಯವೂ ಉಂಟು. ದೂರವಾಣಿಯಲ್ಲಿ ಹರಿದಾಡುವ ಸಂದೇಶಗಳಲ್ಲಿ, ಯಾರೋ ಬರೆದ ಮಾತಿಗೆ ‘ಕೂಡಲಸಂಗಮದೇವ’ನ ಅಂಕಿತವನ್ನಂಟಿಸಿ ಬಸವಣ್ಣನವರದೆಂದು ಹಂಚುವುದುಂಟು. ಅಂಕಿತವನ್ನು ಯಾರೂ ಸೇರಿಸಬಹುದು. ಆದಕಾರಣ ಅಂತಹ ಮಾತು ಬಂದಾಗ ಅದನ್ನು ಮುಂದಕ್ಕೆ ಕಳುಹಿಸುವ ಮುನ್ನ, ಅದರ ಒಂದೆರಡು ಪದಗಳನ್ನು ಸಂಚಯದಲ್ಲಿ ಹುಡುಕಿ, ಸಂಪುಟದಲ್ಲಿ ಇದೆಯೋ ಇಲ್ಲವೋ ಎಂದು ನೋಡುವ ಅಭ್ಯಾಸವನ್ನು ಮಕ್ಕಳಿಗೆ ಮಾಡಿಸತಕ್ಕದ್ದು. ಸತ್ಯವನ್ನು ಪರೀಕ್ಷಿಸುವುದೂ ಶರಣಧರ್ಮವೇ.

ಆದುದರಿಂದ ಸದ್ಭಕ್ತರ ಮನೆಮನೆಗಳಲ್ಲಿ ಪ್ರತಿ ಸೋಮವಾರ ಸಂಜೆ ಅರ್ಧ ಗಳಿಗೆಯನ್ನು ಇದಕ್ಕೆ ಮೀಸಲಿಡುವುದು ಉಚಿತ. ಹಿರಿಯರು ಬಾಯಲ್ಲಿರುವ ಒಂದು ವಚನವನ್ನು ಗಟ್ಟಿಯಾಗಿ ಹೇಳಲಿ. ಮಗುವು ಅದನ್ನು ಜಾಲದಲ್ಲಿ ಹುಡುಕಿ, ಅಕ್ಷರಗಳನ್ನು ಕೂಡಿಸಿ ಓದಲಿ. ಆಮೇಲೆ ಪುಸ್ತಕದಲ್ಲಿ ಕೈಯಾರೆ ಬರೆಯಲಿ. ಅಜ್ಜಿ ಹೇಳಿದ ಪಾಠಕ್ಕೂ ಅಚ್ಚಿನ ಪಾಠಕ್ಕೂ ಒಂದೆರಡು ಪದ ಭೇದ ಕಂಡುಬಂದರೆ, ಅಜ್ಜಿಯದು ತಪ್ಪೆಂದು ಮಗುವು ನಗದಿರಲಿ. ಅದು ಪಾಠಾಂತರವಿರಬಹುದು, ಎರಡನ್ನೂ ಬರೆದಿಡಲಿ. ಹಳಕಟ್ಟಿಯವರು ಓಲೆಗಳೆದುರು ಕುಳಿತು ಮಾಡಿದುದೂ ಇದೇ ಕೆಲಸವಲ್ಲವೆ? ಜಾಲವು ಪದವನ್ನು ಕೊಡಬಲ್ಲುದು. ಅದರ ಧ್ವನಿಯನ್ನೂ ನಡೆಯನ್ನೂ ಕೊಡತಕ್ಕವರು ಮನೆಯ ಹಿರಿಯರೇ.

ಜಗುಲಿಯ ಓಲೆ ಅಚ್ಚಿಗೆ ಬಂದಿತು, ಅಚ್ಚು ಜಾಲಕ್ಕೆ ಬಂದಿತು. ಜಾಲದಿಂದ ಅದು ಮಗುವಿನ ನಾಲಗೆಗೆ ಬರಲಿ. ಮಹೋತ್ಸವದ ಈ ಸಂದರ್ಭದಲ್ಲಿ ಶ್ರೀಮಠದ ಶಿಷ್ಯವೃಂದಕ್ಕೆ ಇದೇ ಬಿನ್ನಹ. ಸರ್ವರಿಗೂ ಮಂಗಳವಾಗಲಿ.