ಹೊರನಾಡಿಗರ ಮನೆಗೆ ಹೊರದೇಶದ ಸೊಸೆ
(ದಾದರಿನಲ್ಲಿ ನಡೆದ ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಮಕ್ಕಳು ಕಡಲಾಚೆಗೆ ಹೋಗತೊಡಗಿದಂದಿನಿಂದ ಗ್ರೀನ್ ಕಾರ್ಡಿನ ಮಾತು ನಮ್ಮ ಮನೆಗಳಲ್ಲಿ ಅಡುಗೆಮನೆಯ ಮಾತಾಗಿದೆ. ಅಳಿಯನು ಮಗಳಿಗಾಗಿ ಯಾವಾಗ ಅರ್ಜಿ ಹಾಕುತ್ತಾನೆ, ಎಷ್ಟು ವರ್ಷ ಕಾಯಬೇಕು ಎಂಬುದೆಲ್ಲ ನಮಗೆ ಬಾಯಿಪಾಠ. ಆದರೆ ಗಾಳಿ ತಿರುಗಿ ಬೀಸುವುದೂ ಉಂಟು. ಮಗನು ಅಲ್ಲಿಯ ಹುಡುಗಿಯನ್ನು ಮದುವೆಯಾಗಿ ಮುಂಬಯಿಗೇ ಮರಳುತ್ತಾನೆ. ಆಗ ಅರ್ಜಿಗೆ ಸಹಿ ಹಾಕುವವರು ನಾವು, ಕಾಯುವವಳು ಅವಳು. ಆ ಸೊಸೆಗೆ ಈ ನೆಲದಲ್ಲಿ ಯಾವ ನೆಲೆಯಿದೆ ಎಂಬುದೇ ಇಂದು ನಾನು ಹೇಳಹೊರಟಿರುವ ವಿಷಯ.

ಮದುವೆಯ ಆಧಾರದ ಮೇಲೆ ಕೊಡುವ ಕಾಯಂ ವಾಸದ ಪತ್ರವೆಂಬುದು ನಮ್ಮ ದೇಶದಲ್ಲಿಲ್ಲ. ಇರುವುದು ಮೆಟ್ಟಿಲು ಮೆಟ್ಟಿಲಾದ ದಾರಿ.

ಮೊದಲ ಮೆಟ್ಟಿಲು ಮದುವೆಯ ನೋಂದಣಿ. ಉಡುಪಿಯಲ್ಲೋ ಧಾರವಾಡದಲ್ಲೋ ಪುರೋಹಿತರನ್ನು ಕರೆಸಿ ಧಾರೆ ಎರೆದರೆ ನೆಂಟರ ಕಣ್ಣಿಗೆ ಮದುವೆ ಮುಗಿಯಿತು. ಕಾನೂನಿನ ಕಣ್ಣಿಗೆ ಹಾಗಲ್ಲ. 1955ರ ಹಿಂದೂ ವಿವಾಹ ಕಾಯಿದೆಯು ಆ ಕಾಯಿದೆಯ ಅರ್ಥದಲ್ಲಿ ಇಬ್ಬರೂ ಹಿಂದೂಗಳಾಗಿದ್ದರೆ ಮಾತ್ರ ಅನ್ವಯಿಸುತ್ತದೆ. ಹುಡುಗಿ ಅನ್ಯಧರ್ಮದವಳಾದರೆ, ಇಲ್ಲಿ ಮದುವೆಯಾಗಲು 1954ರ ವಿಶೇಷ ವಿವಾಹ ಕಾಯಿದೆಯ ಆಶ್ರಯ ಬೇಕು. ಇಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ 30 ದಿನ ವಾಸಿಸಿರಬೇಕು. ನೋಟೀಸು ಕೊಟ್ಟ ಮೇಲೆ ಮತ್ತೆ 30 ದಿನ ಕಾಯಬೇಕು. ಎರಡು ವಾರದ ರಜೆಯಲ್ಲಿ ಬಂದು ಮುಗಿಸುವ ಕೆಲಸವಲ್ಲ ಇದು.

ಅನಂತರ ಭಾರತೀಯನ ಪತ್ನಿಯೆಂಬ ಕಾರಣಕ್ಕೆ ದೊರೆಯುವ ಪ್ರವೇಶ ವೀಸಾ. ಅದಕ್ಕೆ ವಿದೇಶೀಯರ ನೋಂದಣಿ ಕಚೇರಿಯ ಲೆಕ್ಕಪತ್ರ, ಕಾಲಕಾಲಕ್ಕೆ ನವೀಕರಣ. ನೋಂದಾಯಿತ ಮದುವೆಯು ಎಡೆಬಿಡದೆ 2 ವರ್ಷ ಬಾಳಿದ ಮೇಲೆ ಅವಳು ಸಾಗರೋತ್ತರ ಭಾರತೀಯ ಪೌರರ ಪತ್ರಕ್ಕೆ, ಅಂದರೆ ಓಸಿಐ ಕಾರ್ಡಿಗೆ, ಅರ್ಜಿ ಹಾಕಬಹುದು. ಪಾಕಿಸ್ತಾನ, ಬಾಂಗ್ಲಾದೇಶಗಳ ಮೂಲದವರಿಗೆ ಈ ದಾರಿ ಮುಚ್ಚಿದೆ. ಕಾರ್ಡು ಕೈಸೇರಿದರೆ ವೀಸಾ ನವೀಕರಣದ ಅಲೆದಾಟ ತಪ್ಪುತ್ತದೆ. ಮತದಾನದ ಹಕ್ಕು ಮಾತ್ರ ಇಲ್ಲ, ಕೃಷಿಭೂಮಿ ಕೊಳ್ಳುವಂತಿಲ್ಲ.

ಇಲ್ಲೊಂದು ಮಾತನ್ನು ನಾವು ಗಮನವಿಟ್ಟು ಕೇಳಬೇಕು. ಮದುವೆಯಿಂದ ಬಂದ ಈ ಕಾರ್ಡನ್ನು, ಆ ಮದುವೆ ವಿಚ್ಛೇದನದಲ್ಲಿ ಮುಗಿದರೆ, ಸರಕಾರವು ರದ್ದುಮಾಡಬಹುದು. ಹತ್ತು ವರ್ಷ ನಮ್ಮ ಮನೆಯಲ್ಲಿ ಬಾಳಿ, ಕನ್ನಡ ಕಲಿತು, ಇಲ್ಲಿಯೇ ಮಕ್ಕಳನ್ನು ಹೆತ್ತವಳ ನೆಲೆ ಒಂದು ತೀರ್ಪಿನಿಂದ ಅಲುಗಾಡುತ್ತದೆ. ಮಕ್ಕಳು ಇಲ್ಲಿಯವರು, ತಾಯಿ ಅಲ್ಲ! ಗಂಡನ ಮುನಿಸಿಗೆ ಹೆದರಿ ಬಾಯಿ ಮುಚ್ಚಿಕೊಂಡಿರುವ ಹೆಣ್ಣು ಇಂಥ ಕಟ್ಟಳೆಯಿಂದಲೂ ಹುಟ್ಟಬಹುದು.

ಪೌರತ್ವದ ಮೆಟ್ಟಿಲು ಗಟ್ಟಿಯಾದುದು. ಭಾರತೀಯರನ್ನು ಮದುವೆಯಾಗಿ 7 ವರ್ಷ ಇಲ್ಲಿ ವಾಸಿಸಿದವರು ನೋಂದಣಿಗೆ ಅರ್ಜಿ ಸಲ್ಲಿಸಬಹುದು. ಅದರಲ್ಲಿ ಅರ್ಜಿಗೆ ಮುಂಚಿನ 12 ತಿಂಗಳು ಎಡೆಬಿಡದ ವಾಸವಿರಬೇಕು. 1955ರ ಮೂಲ ಕಾಯಿದೆ ಈ ಅವಕಾಶವನ್ನು ಹೆಂಡತಿಯರಿಗೆ ಮಾತ್ರ ಕೊಟ್ಟಿತ್ತು. 1986ರ ತಿದ್ದುಪಡಿಯಿಂದ ಅಳಿಯಂದಿರಿಗೂ ದೊರಕಿತು. ಹೀಗೆ ಪಡೆದ ಪೌರತ್ವ ವಿಚ್ಛೇದನ ಮಾತ್ರದಿಂದ ಹೋಗುವುದಿಲ್ಲ. ಆದರೆ ಎರಡು ಪೌರತ್ವಗಳಿಗೆ ನಮ್ಮಲ್ಲಿ ಎಡೆಯಿಲ್ಲವಾದ್ದರಿಂದ ಅವಳು ತನ್ನ ತವರಿನ ಪಾಸ್‌ಪೋರ್ಟನ್ನು ಬಿಡಬೇಕು. ಅದು ಸಣ್ಣ ತ್ಯಾಗವಲ್ಲ; ಆ ಆಯ್ಕೆ ಅವಳದೇ ಆಗಿರಬೇಕು.

ಬಂಧುಗಳೇ, ಇದನ್ನು ದಾದರಿನಲ್ಲಿ ನಿಂತು ಹೇಳುವುದಕ್ಕೆ ಕಾರಣವಿದೆ. ನಮ್ಮ ಹಿರಿಯರು ಕರಾವಳಿಯಿಂದ, ಬಯಲುಸೀಮೆಯಿಂದ ಈ ನಗರಕ್ಕೆ ಬಂದು ನೆಲೆಯೂರಿದರು. ದೇಶದ ಯಾವ ಭಾಗದಲ್ಲಾದರೂ ವಾಸಿಸುವ ಹಕ್ಕನ್ನು ಸಂವಿಧಾನದ 19ನೆಯ ವಿಧಿ ನಮಗೆ ಕೊಟ್ಟಿದೆ. ಆದರೂ 1966ರ ಅಕ್ಟೋಬರಿನಲ್ಲಿ ಇಲ್ಲೇ ಶಿವಾಜಿ ಪಾರ್ಕಿನಲ್ಲಿ ಶಿವಸೇನೆಯ ಮೊದಲ ದೊಡ್ಡ ಸಭೆ ಸೇರಿ, ‘ನೀವು ಯಾವ ಮಣ್ಣಿನವರು?’ ಎಂಬ ಪ್ರಶ್ನೆ ದಕ್ಷಿಣದವರ ಕಡೆ ತಿರುಗಿದಾಗ, ನಮ್ಮ ಹೋಟೆಲುಗಳ ಗಲ್ಲದ ಹಿಂದೆ ಕುಳಿತವರ ಎದೆ ನಡುಗಿತ್ತು. ಆ ಪ್ರಶ್ನೆಯ ಚುಚ್ಚನ್ನು ಬಲ್ಲ ನಾವು, ನಮ್ಮದೇ ಮನೆಯ ಹೊಸ್ತಿಲೊಳಗೆ ಮತ್ತೊಬ್ಬರು ಅದನ್ನು ಅನುಭವಿಸುತ್ತಿರುವಾಗ ಕಾಣದಂತೆ ಇರಬಹುದೇ?

ಕಾಯಿದೆಯನ್ನು ತಿದ್ದುವುದು ಸಂಸತ್ತಿನ ಕೆಲಸ. ಮದುವೆಯಿಂದ ಪಡೆದ ನೆಲೆ ವರ್ಷಗಳು ಕಳೆದಂತೆ ಅವಳ ಸ್ವಂತದ್ದಾಗಬೇಕೆಂದು ನಾವು ಕೇಳಬಹುದು. ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದನ್ನಾದರೂ ಮಾಡೋಣ. ಲಗ್ನಪತ್ರಿಕೆಗೆ ಮುಂಚೆ ನೋಂದಣಿಯ ದಿನ ಗೊತ್ತುಮಾಡೋಣ. 2 ವರ್ಷ ತುಂಬಿದೊಡನೆ ಕಾರ್ಡಿಗೆ ಅರ್ಜಿ ಹಾಕಿಸೋಣ. ಬಂದುಹೋದ ದಿನಗಳ ಲೆಕ್ಕವನ್ನೂ ಪತ್ರಗಳ ಮೂಲಪ್ರತಿಗಳನ್ನೂ ಗಂಡನ ಕಪಾಟಿನಲ್ಲಿ ಅಲ್ಲ, ಅವಳ ಕೈಯಲ್ಲೇ ಇಡೋಣ.

ಸೊಸೆಯನ್ನು ಮನೆ ತುಂಬಿಸಿಕೊಳ್ಳುವಾಗ ಅಕ್ಕಿಯ ಸೇರನ್ನು ಒದೆಯಿಸುವ ನಾವು, ಅವಳ ಕಾಲ ಕೆಳಗಿನ ನೆಲವೂ ಗಟ್ಟಿಯಾಗಿದೆಯೇ ಎಂದು ಒಮ್ಮೆ ನೋಡಿಕೊಳ್ಳಬೇಕು.